ಬೆಕ್ಕಿನ ನೆತ್ತಿಗೆ ಹರಳೆಣ್ಣೆ

ಆ ಭಾನುವಾರ ಬೆಳಿಗ್ಗೆ ರಘೋತ್ತಮ ಎದ್ದಾಗ ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು. ಗೋಡೆಯ ಮೇಲಿನ ಥರ್ಮೋಸ್ಟಾಟು ಎಂಬತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಗಾಳಿ ಬರುವ ಕಿಂಡಿಗೆ ಕೈ ಒಡ್ಡಿ ನೋಡಿದ. ಗಾಳಿ ಇರಲಿಲ್ಲ, ಕೆಳಗೆ ಬೇಸ್‌ಮೆಂಟಿನಲ್ಲಿ ಯಂತ್ರ ಮಾತ್ರ ಗೊರಗೊರ ಎನ್ನುತ್ತಿತ್ತು. ವರ್ಷದ ಅರ್ಧ ಭಾಗ ಹಿಮ ಸುರಿಯುವ ಮಿಶಿಗನ್ನಿನಲ್ಲಿ ಎಸಿ ಬೇಕಾಗುವುದೇ ನಾಲ್ಕು ವಾರ. ಆ ನಾಲ್ಕು ವಾರಗಳಲ್ಲಿ ಈ ದರಿದ್ರ ಯಂತ್ರಕ್ಕೆ ಕೆಡಲು ಇದೇ ದಿನ ಬೇಕಾಗಿತ್ತೇ ಎಂದು ಅವನ ಮೈಯೆಲ್ಲ ಉರಿದುಹೋಯಿತು.

ಇದೇ ದಿನ ಯಾಕೆ ಕೆಡಬಾರದಾಗಿತ್ತು ಎಂದರೆ, ಹಾಲಿನ ಸೋಫಾದ ಮೇಲೆ ಒಂದು ಬೆಕ್ಕಿತ್ತು. ಹರಿದ ಹಾಸಿಗೆಯಿಂದ ಹೊರಬಿದ್ದ ಹತ್ತಿಯ ಹಾಗೆ ಬೆಳ್ಳಗೆ, ಮೈತುಂಬ ಕೂದಲು. ಅದರ ಹೆಸರು ಅಮ್ಮಣ್ಣಿ. ರಘೋತ್ತಮನ ಬಾಸ್ ವೆಂಕಟರಾಮು ಅವರ ಮುದ್ದಿನ ಬೆಕ್ಕು. ನಾಲ್ಕೈದು ಗಂಟೆ ದಾರಿಯ ನೇಪರ್‌ವಿಲ್‌ನಲ್ಲಿ ನಾದಿನಿಯ ಮಗಳ ರಂಗಪ್ರವೇಶಕ್ಕೆ ಹೊರಟಿದ್ದ ವೆಂಕಟರಾಮು ಹಿಂದಿನ ದಿನ ಅದನ್ನು ಬುಟ್ಟಿಯ ಸಮೇತ ತಂದು ಇಳಿಸಿ, ಒಂದೇ ಒಂದು ಮಾತು ಹೇಳಿ ಹೋಗಿದ್ದರು.

"ಎಸಿ ಮಾತ್ರ ಎಪ್ಪತ್ತೆರಡರಲ್ಲಿ ಇಟ್ಟಿರಿ ರಘೋತ್ತಮ. ಅಮ್ಮಣ್ಣಿಗೆ ಸೆಕೆ ತಡ್ಕೊಳ್ಳೋಕಾಗಲ್ಲ."

ರಘೋತ್ತಮನಿಗೆ ಬೆಕ್ಕೆಂದರೆ ಆಗುತ್ತಿರಲಿಲ್ಲ. ಆದರೆ ಅದು ರಿಸೆಷನ್ನಿನ ಕಾಲ. ಆಬರ್ನ್ ಹಿಲ್ಸ್ ಕಡೆಯ ಆಫೀಸುಗಳಲ್ಲಿ ಶುಕ್ರವಾರ ಬಂತೆಂದರೆ ಯಾರಾದರೊಬ್ಬರು ಮೇಜಿನ ಮೇಲಿದ್ದ ಫೋಟೋ, ಕಾಫಿ ಕಪ್ಪುಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿಕೊಂಡು ತಲೆ ತಗ್ಗಿಸಿ ಪಾರ್ಕಿಂಗ್ ಲಾಟಿಗೆ ನಡೆಯುತ್ತಿದ್ದರು. ರಘೋತ್ತಮನ ವಿಭಾಗದಲ್ಲಿ ಕೊನೆಗೆ ಉಳಿದವರು ಇಬ್ಬರೇ, ಅವನು ಮತ್ತು ಸುರೇಶ. ಇಬ್ಬರಲ್ಲಿ ಒಬ್ಬನ ಜಾಗ ಹೋಗುತ್ತದೆ, ಯಾರದೆಂದು ವೆಂಕಟರಾಮು ಸೋಮವಾರ ಹೇಳುತ್ತಾರೆ ಎಂಬ ಸುದ್ದಿ ಆಫೀಸಿನ ಕಾಫಿ ಮಷಿನ್ನಿನ ಹತ್ತಿರ ಹಬ್ಬಿತ್ತು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆ, ಮಗಳ ಸ್ಕೂಲು ಎಲ್ಲವೂ ಹೋಯಿತು. ಬೆಕ್ಕನ್ನೇನು, ವೆಂಕಟರಾಮು ಮೊಸಳೆ ತಂದು ಬಿಟ್ಟಿದ್ದರೂ ಅವನು ಬಾತ್‌ಟಬ್ಬಿನಲ್ಲಿ ಇಟ್ಟುಕೊಳ್ಳುತ್ತಿದ್ದ.

"ಯಾರಾದ್ರೂ ರಿಪೇರಿಯವರನ್ನ ಕರೀರಿ," ಎಂದಳು ಹೆಂಡತಿ ಪ್ರಭಾ. "ಮಾರ್ಚಿಂದ ಬಡ್ಕೊಂಡೆ, ಫಿಲ್ಟರ್ ಬದಲಾಯಿಸಿ ಅಂತ. ಕೇಳಿದ್ರಾ?"

ಈ ಮಾತು ರಘೋತ್ತಮನನ್ನು ಚುಚ್ಚಿತು. ಯಾಕೆಂದರೆ ಅವನು ಮಾಡುತ್ತಿದ್ದ ಕೆಲಸವೇ ಎಸಿಯದು. ಕಾರುಗಳ ಎಸಿ ವಿನ್ಯಾಸದಲ್ಲಿ ಅವನಿಗೆ ಹನ್ನೆರಡು ವರ್ಷದ ಅನುಭವ. ಎಸಿ ಇಂಜಿನಿಯರ್ ಮನೆಗೆ ಎಸಿ ರಿಪೇರಿಯವನು ಬಂದ ಎಂದು ಗೊತ್ತಾದರೆ, ಆಫೀಸಿನಲ್ಲಿ ನಕ್ಕು ಸುಮ್ಮನಾಗುತ್ತಿದ್ದರೇ? ಸೋಮವಾರದ ಆ ಒಬ್ಬ ಯಾರೆಂದು ತೀರ್ಮಾನಿಸಲು ವೆಂಕಟರಾಮು ಅವರಿಗೆ ಬೇರೆ ಕಾರಣ ಬೇಕೇ?

"ನಾನೇ ಮಾಡ್ತೀನಿ," ಎಂದು ಅವನು ಸ್ಕ್ರೂಡ್ರೈವರ್ ಹಿಡಿದು ಹೊರಟ. ಮೊದಲು ಎಸಿಯ ಸ್ವಿಚ್ಚು ಆರಿಸಿದ. ಆ ದಿನ ಅವನು ಮಾಡಿದ ಸರಿಯಾದ ಕೆಲಸ ಅದೊಂದೇ ಎಂಬುದು ಅವನಿಗೆ ಆಗ ತಿಳಿಯಲಿಲ್ಲ.

ಹಿತ್ತಲಿನಲ್ಲಿದ್ದ ಎಸಿಯ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಕೂತು ಬಿಚ್ಚಿದ. ಒಳಗೆ ಇಣುಕಿದ, ಬೈದ, ತಟ್ಟಿದ, ಮತ್ತೆ ಬೈದ. ಎಲ್ಲವನ್ನೂ ಒರೆಸಿ ವಾಪಸ್ಸು ಜೋಡಿಸಿ ಎದ್ದು ನೋಡಿದರೆ ಹುಲ್ಲಿನ ಮೇಲೆ ಮೂರು ಸ್ಕ್ರೂ ಉಳಿದಿದ್ದವು. ಅವು ಎಲ್ಲಿಂದ ಬಂದವೆಂದು ಅವನಿಗೆ ಹೊಳೆಯಲಿಲ್ಲ. ಪ್ರಭಾ ಆ ಸ್ಕ್ರೂಗಳನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. ಮನೆ ಸುಟ್ಟುಹೋಗುವುದು ಬೇಡ, ಇವತ್ತು ಯಾರೂ ಆ ಸ್ವಿಚ್ಚು ಮುಟ್ಟಕೂಡದು ಎಂದು ಅಪ್ಪಣೆ ಕೊಟ್ಟಳು. ರಘೋತ್ತಮ ಬಾಯಿಗೆ ಬಂದಂತೆ ಕೂಗಾಡಿದನೇ ಹೊರತು ಸ್ವಿಚ್ಚಿನ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮಗಳು ಇಂಚರ ಕರೆದಳು. ಅಮ್ಮಣ್ಣಿ ಬಾಯಿ ತೆರೆದು, ಗುಲಾಬಿ ನಾಲಿಗೆ ಹೊರಗೆ ಹಾಕಿ, ನಾಯಿಯ ಹಾಗೆ ಏದುಸಿರು ಬಿಡುತ್ತಿತ್ತು.

"ಅಪ್ಪಾ, ಕ್ಯಾಟ್ಸ್ ಡೋಂಟ್ ಪ್ಯಾಂಟ್ ಲೈಕ್ ದಿಸ್. ಇಟ್ಸ್ ಟೂ ಹಾಟ್ ಫಾರ್ ಹರ್."

ರಘೋತ್ತಮ ಅಡುಗೆಮನೆಗೆ ಓಡಿದ. ಬಟ್ಟಲಲ್ಲಿ ನೀರಿಟ್ಟ. ಅಮ್ಮಣ್ಣಿ ಮೂಸಿಯೂ ನೋಡಲಿಲ್ಲ. ಹಾಲಿಟ್ಟ, ಮುಖ ತಿರುಗಿಸಿತು. ಬೆಂಗಳೂರಿನಲ್ಲಿ ಅವನ ಮನೆಯ ಹಿತ್ತಲಿಗೆ ಬರುತ್ತಿದ್ದ ಬೆಕ್ಕುಗಳಿಗೆ ಯಾರು ಎಸಿ ಹಾಕಿದ್ದರು? ಅವೆಲ್ಲ ನೀರಿನ ತೊಟ್ಟಿಯ ಹಿಂದೆ ಮಲಗಿ ಬೇಸಿಗೆ ಕಳೆಯಲಿಲ್ಲವೇ? ಇದಕ್ಕೆ ಮಾತ್ರ ಎಪ್ಪತ್ತೆರಡು ಬೇಕು, ಮಹಾರಾಣಿಗೆ. ಅವನು ಹೀಗೆ ಗೊಣಗುತ್ತ ಒಂದು ರಟ್ಟು ಹಿಡಿದು ಬೆಕ್ಕಿಗೆ ಗಾಳಿ ಬೀಸುತ್ತಿದ್ದಾಗ ಪಕ್ಕದ ಮನೆಯ ನಿರುಪಮಾ ಆಂಟಿ ಬಾಗಿಲು ತಳ್ಳಿಕೊಂಡು ಬಂದರು.

ಆಂಟಿ ಮೈಸೂರಿನವರು. ಮಗ ಡಾಕ್ಟರು, ಅವನ ಆಸ್ಪತ್ರೆಗೆ ಹೋಗದ ಸುತ್ತಮುತ್ತಲ ರೋಗಿಗಳನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಹಿತ್ತಲಿನ ಠಣಠಣ ಸದ್ದು ಕೇಳಿ ಏನಾಯಿತೆಂದು ವಿಚಾರಿಸಲು ಬಂದವರು ಬೆಕ್ಕಿನ ಮುಂದೆ ಕೂತು, ಅದರ ಕಿವಿ ಮುಟ್ಟಿ, ಕಣ್ಣರೆಪ್ಪೆ ಎಳೆದು ನೋಡಿ, ರೋಗ ಗೊತ್ತಾದವರಂತೆ ತಲೆಯಾಡಿಸಿದರು.

"ಇದಕ್ಕೆ ಉಷ್ಣ ಆಗಿದೆ ಕಣೋ. ನೆತ್ತಿಗೆ ಎರಡು ಹನಿ ಹರಳೆಣ್ಣೆ ಇಟ್ಟು ತಟ್ಟಿದ್ರೆ ಹತ್ತು ನಿಮಿಷದಲ್ಲಿ ಇಳಿಯುತ್ತೆ."

ಬೆಕ್ಕಿಗೆ ಎಣ್ಣೆ ಹಚ್ಚುತ್ತಾರೆಯೇ ಎಂದು ಪ್ರಭಾ ಅನುಮಾನಿಸಿದಳು. ಮನುಷ್ಯರಿಗೆ ಒಳ್ಳೆಯದಾದದ್ದು ಬೆಕ್ಕಿಗೆ ಕೆಟ್ಟದ್ದು ಹೇಗಾಗುತ್ತದೆ ಎಂದು ಆಂಟಿ ಕೇಳಿದರು. ತಮ್ಮ ಮಗನಿಗೆ ಪಿಯುಸಿ ಮುಗಿಯುವವರೆಗೂ ಪ್ರತಿ ಭಾನುವಾರ ಹಚ್ಚಿದ್ದರಿಂದಲೇ ಅವನಿಗೆ ಮೆಡಿಕಲ್ ಸೀಟು ಸಿಕ್ಕಿದ್ದು ಎಂದೂ ಸೇರಿಸಿದರು. ರಘೋತ್ತಮನಿಗೆ ಚಿಕ್ಕಂದಿನ ಭಾನುವಾರಗಳು ನೆನಪಾದವು. ಮಣೆಯ ಮೇಲೆ ಕೂರಿಸಿ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ನಿಜಕ್ಕೂ ತಂಪಾಗಿರುತ್ತಿತ್ತು. ಬೇರೆ ದಾರಿಯೂ ಇರಲಿಲ್ಲ. ಆಯಿತು ಎಂದ.

ಆಂಟಿ ಮನೆಯಿಂದ ಸೀಸೆ ತಂದರು. ಬೆಕ್ಕನ್ನು ಹಿಡಿದುಕೊಳ್ಳುವ ಕೆಲಸ ರಘೋತ್ತಮನಿಗೆ ಬಂತು. ಆಂಟಿಯ ಎರಡು ಹನಿ ಎಂದರೆ ಅಂಗೈ ತುಂಬ. ಅದು ನೆತ್ತಿಗೆ ಬಿದ್ದ ಕ್ಷಣ ಅಮ್ಮಣ್ಣಿ ಅವನ ಎರಡೂ ಮುಂಗೈಗಳನ್ನು ಮೊಣಕೈವರೆಗೆ ಗೀರಿತು. ಆದರೂ ಆಂಟಿ ಬಿಡಲಿಲ್ಲ. ತಟತಟ ತಟ್ಟಿ, ಕಿವಿಯ ಹಿಂದೆ ಸವರಿ, ಬೆನ್ನಿಗೂ ಎಳೆದರು. ಹತ್ತಿಯಂತಿದ್ದ ಬೆಕ್ಕು ಹಿಂಡಿದ ಬಟ್ಟೆಯಂತಾಯಿತು.

ಬಿಟ್ಟ ಕೂಡಲೇ ಅಮ್ಮಣ್ಣಿ ಸೋಫಾದ ಮೂಲೆಗೆ ಹೋಗಿ ಕೂತು ಮೈ ನೆಕ್ಕತೊಡಗಿತು. ಮುಂಗಾಲು ನೆಕ್ಕಿತು, ಅದರಿಂದ ತಲೆ ಒರೆಸಿಕೊಂಡಿತು, ಮತ್ತೆ ಮುಂಗಾಲು ನೆಕ್ಕಿತು.

"ದಟ್ಸ್ ಹೌ ದೇ ಕೂಲ್ ಡೌನ್," ಎಂದಳು ಇಂಚರ. "ದೇ ಲಿಕ್ ದೇರ್ ಫರ್. ಇಟ್ಸ್ ಲೈಕ್ ಸ್ವೆಟ್."

ಎಲ್ಲರೂ ಬೆಕ್ಕನ್ನು ನೋಡಿದರು. ಅದು ಶ್ರದ್ಧೆಯಿಂದ ತನ್ನ ಸೆಕೆಯನ್ನು ತಾನು ಆರಿಸಿಕೊಳ್ಳುತ್ತಿತ್ತು, ಒಂದೊಂದು ಸಲ ನೆಕ್ಕಿದಾಗಲೂ ಹರಳೆಣ್ಣೆ ಒಳಗೆ ಹೋಗುತ್ತಿತ್ತು. ಹರಳೆಣ್ಣೆ ಕುಡಿದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ಇಂಚರಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಬಾಲ್ಯದ ಅನುಭವವಿತ್ತು.

"ಹೋಗಲಿ ಬಿಡು, ಹೊಟ್ಟೆನೂ ತಂಪಾಗುತ್ತೆ," ಎಂದು ಆಂಟಿ ಸೀಸೆಯ ಮುಚ್ಚಳ ತಿರುಗಿಸಿಕೊಂಡು ಹೊರಟರು.

ಅವರು ಹೊರಟ ಬಾಗಿಲಿನಿಂದಲೇ ಎದುರು ಮನೆಯ ದಸ್ತಗೀರ್ ಬಂದ. ಗದಗಿನವನು, ನೋವೈ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ದಾರಿಯಲ್ಲೇ ಆಂಟಿಯಿಂದ ಸುದ್ದಿ ಸಿಕ್ಕಿತ್ತು. ಅವನು ಸೊಂಟದ ಮೇಲೆ ಕೈಯಿಟ್ಟು ಬೆಕ್ಕನ್ನು ನೋಡಿ ಮರುಗಿದ.

"ಎಣ್ಣಿಗಿಣ್ಣಿ ಎಲ್ಲಾ ಯಾಕ್ರೀ ಸರ್? ನಮ್ಮ ಅಂಗಡಿ ಕೋಲ್ಡ್ ರೂಮಿನ್ಯಾಗ ಕೊತ್ತಂಬರಿ ಜೋಡಿ ಸಂಜಿತನಾ ಇಡೋಣ. ತಾಜಾ ಇರತೈತಿ."

ಬಾಸಿನ ಬೆಕ್ಕು ಕೊತ್ತಂಬರಿಯಲ್ಲ ಎಂದು ರಘೋತ್ತಮ ರೇಗಿದ. ದಸ್ತಗೀರನಿಗೆ ಬೇಸರವಾಗಲಿಲ್ಲ. ಹಾಗಾದರೆ ಐಸ್ ತರುತ್ತೇನೆ ಎಂದು ಹೋದವನು ವ್ಯಾನಿನಲ್ಲಿ ಐಸಿನ ದೊಡ್ಡ ಚೀಲಗಳನ್ನು ಹೇರಿಕೊಂಡು ಬಂದ. ಬಾತ್‌ಟಬ್ಬಿಗೆ ಐಸ್ ಸುರಿದು ಬೆಕ್ಕನ್ನು ಅದರ ದಂಡೆಯ ಮೇಲೆ ಕೂರಿಸುವುದು ಅವನ ಯೋಜನೆ. ಚೀಲ ಹೊರಲು ಮುಂಬಾಗಿಲು ತೆರೆದೇ ಇತ್ತು. ಎಲ್ಲ ಚೀಲ ಸುರಿದು ಬೆವರೊರೆಸಿಕೊಂಡು ಸೋಫಾದ ಕಡೆ ತಿರುಗಿದರೆ ಅಲ್ಲಿ ಎಣ್ಣೆಯ ಗುರುತೊಂದಿತ್ತು, ಬೆಕ್ಕಿರಲಿಲ್ಲ.

ರಘೋತ್ತಮ ದಸ್ತಗೀರನನ್ನು ಬೈದ, ಪ್ರಭಾಳನ್ನು ಬೈದ, ರಂಗಪ್ರವೇಶವನ್ನು ಬೈದ. ಬರಿಗಾಲಲ್ಲೇ ರಸ್ತೆಗೆ ಓಡಿದ. ಟಾರು ಬಾಣಲೆಯ ಹಾಗೆ ಕಾದಿತ್ತು. ಹಿಂದಕ್ಕೆ ಓಡಿಬಂದು ಚಪ್ಪಲಿ ಹಾಕಿಕೊಂಡ. ಮುಂದಿನ ಮನೆಯವರ ಹಿತ್ತಲಿನ ಮರದ ಡೆಕ್ಕಿನ ಕೆಳಗೆ ತೆವಳಿದ. ಕಾರುಗಳ ಕೆಳಗೆ ಬಗ್ಗಿ "ಅಮ್ಮಣ್ಣೀ" ಎಂದು ಕರೆದ. ಹುಲ್ಲಿಗೆ ನೀರು ಹಾಕುತ್ತಿದ್ದ ಒಬ್ಬ ಅಮೆರಿಕನ್ ಮುದುಕ, ಕಳೆದುಹೋದ ಹೆಂಗಸಿನ ವಯಸ್ಸೆಷ್ಟು, ಪೊಲೀಸರನ್ನು ಕರೆಯಬೇಕೇ ಎಂದು ಕಾಳಜಿಯಿಂದ ಕೇಳಿದ.

ಆಗ ಜೇಬಿನಲ್ಲಿದ್ದ ಫೋನು ರಿಂಗಾಯಿತು. ವೆಂಕಟರಾಮು.

"ಹೊರಟಿದೀವಿ ರಘೋತ್ತಮ. ಅಮ್ಮಣ್ಣಿ ಹೇಗಿದಾಳೆ?"

"ಮಲಗಿದಾಳೆ ಸಾರ್. ತುಂಬ ತಂಪಾಗಿ ಮಲಗಿದಾಳೆ," ಎಂದ ರಘೋತ್ತಮ, ಯಾರದೋ ಪೊದೆಯೊಳಗೆ ಮಂಡಿಯೂರಿಕೊಂಡು.

"ಒಂದು ನಿಮಿಷ ಫೋನ್ ಅವಳ ಕಿವಿ ಹತ್ರ ಹಿಡೀರಿ. ನನ್ನ ದನಿ ಕೇಳಿದ್ರೆ ಉತ್ತರ ಕೊಡ್ತಾಳೆ."

ರಘೋತ್ತಮ ಫೋನನ್ನು ತನ್ನ ಕಿವಿಗೇ ಇಟ್ಟುಕೊಂಡ. ಅತ್ತ ಕಡೆಯಿಂದ ಅವನ ಬಾಸು, ಆಫೀಸಿನಲ್ಲಿ ಎಂದೂ ನಗದ ಮನುಷ್ಯ, "ಚಿನ್ನಾ, ಬಂಗಾರಾ, ಅಪ್ಪ ಬರ್ತಿದೀನಿ ಕಂದಾ" ಎಂದು ಲಲ್ಲೆಗರೆಯುತ್ತಿದ್ದರು. ಉತ್ತರ ಬಾರದೆ ಅವರ ದನಿಯಲ್ಲಿ ಆತಂಕ ಕಾಣಿಸಿತು. ಹನ್ನೆರಡು ವರ್ಷದ ಅನುಭವದ ಇಂಜಿನಿಯರು ಪೊದೆಯೊಳಗೆ ಕಣ್ಣು ಮುಚ್ಚಿಕೊಂಡು, ಸಣ್ಣ ದನಿಯಲ್ಲಿ, "ಮಿಯಾಂವ್" ಎಂದ.

"ನೋಡಿದ್ರಾ, ಗುರುತು ಹಿಡಿದ್ಲು," ಎಂದು ವೆಂಕಟರಾಮು ಖುಷಿಯಿಂದ ಫೋನಿಟ್ಟರು.

ರಘೋತ್ತಮನಿಗೆ ಅಳುವಷ್ಟು ಸಿಟ್ಟು ಬಂತು. ಇಂಥ ಬದುಕು ಬದುಕಲು ಸಮುದ್ರ ದಾಟಿ ಬರಬೇಕಾಗಿತ್ತೇ ಎನಿಸಿತು. ಫೋನನ್ನು ಹುಲ್ಲಿಗೆ ಅಪ್ಪಳಿಸಬೇಕೆಂದು ಕೈಯೆತ್ತಿ, ಅದು ಕಂಪನಿಯ ಫೋನೆಂದು ನೆನಪಾಗಿ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನವೆಲ್ಲ ಹುಡುಕಿ ಬೆಂದು ಬಸವಳಿದು ಮನೆಗೆ ಬಂದಾಗ ಪ್ರಭಾ ಮೂಗು ಮುಚ್ಚಿಕೊಂಡು ಬೇಸ್‌ಮೆಂಟಿನ ಬಾಗಿಲಲ್ಲಿ ನಿಂತಿದ್ದಳು. ಹರಳೆಣ್ಣೆ ತನ್ನ ಕೆಲಸ ಮಾಡಿತ್ತು. ಅದೂ ಎಲ್ಲಿ? ಮೆಟ್ಟಿಲ ಪಕ್ಕದಲ್ಲಿ ಬಾಯಿ ತೆರೆದಿಟ್ಟಿದ್ದ ರಘೋತ್ತಮನ ಆಫೀಸ್ ಬ್ಯಾಗಿನಲ್ಲಿ. ಅಲ್ಲಿಂದ ಮುಂದೆ ಕೆಳಗಿನವರೆಗೂ ಸಣ್ಣ ಸಣ್ಣ ಗುರುತುಗಳಿದ್ದವು. ಅವುಗಳ ಜಾಡು ಹಿಡಿದು ಇಬ್ಬರೂ ಇಳಿದರು. ಎಸಿಯ ಗಾಳಿ ಊದುವ ಯಂತ್ರದ ಬುಡದಲ್ಲಿ, ಬರಿ ಸಿಮೆಂಟಿನ ಮೇಲೆ, ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ನಾಲ್ಕೂ ಕಾಲು ಚಾಚಿ ಅಮ್ಮಣ್ಣಿ ಹಾಯಾಗಿ ಮಲಗಿತ್ತು. ಬಾಯಿ ಮುಚ್ಚಿತ್ತು. ಉಸಿರು ನಿಧಾನವಾಗಿತ್ತು. ಯಂತ್ರದ ತಳದಿಂದ ತಣ್ಣನೆಯ ನೀರು ಸಣ್ಣಗೆ ಒಸರಿ ಸುತ್ತಲಿನ ನೆಲವೆಲ್ಲ ಒದ್ದೆಯಾಗಿತ್ತು.

ಬೆಕ್ಕು ಮನೆ ಬಿಟ್ಟು ಹೋಗಿಯೇ ಇರಲಿಲ್ಲ. ಎಲ್ಲರೂ ಐಸ್ ಹೊರುತ್ತಿದ್ದಾಗ ತನಗೆ ಬೇಕಾದ ಜಾಗ ತಾನು ಹುಡುಕಿಕೊಂಡಿತ್ತು.

"ಈಗ ಪೈಪೂ ಸೋರ್ತಿದೆ," ಎಂದು ರಘೋತ್ತಮ ಆ ಯಂತ್ರಕ್ಕೆ ಒಂದು ಒದೆ ಕೊಟ್ಟ. ಆಮೇಲೆ ಬೆಕ್ಕಿನ ಪಕ್ಕದಲ್ಲೇ ನೆಲಕ್ಕೆ ಬೆನ್ನು ಹಚ್ಚಿ ಮಲಗಿದ. ತಂಪು ಬೆನ್ನಿಗೆ ಏರಿತು. ಬೆಳಗಿನಿಂದ ಮೊದಲ ಸಲ ಅವನು ಯಾರನ್ನೂ ಬೈಯದೆ ಸುಮ್ಮನಿದ್ದ.

ಪ್ರಭಾ ಬೆಕ್ಕಿನ ಹಿಂಭಾಗ ತೊಳೆದು, ಒದ್ದೆ ಬಟ್ಟೆಯಿಂದ ಮೈ ಒರೆಸಿ ಬಾಚಿದಳು. ಎಣ್ಣೆ ಪೂರ್ತಿ ಹೋಗಲಿಲ್ಲ. ಸಂಜೆ ಬಾಗಿಲ ಬೆಲ್ ಹೊಡೆದಾಗ ಅಮ್ಮಣ್ಣಿಯನ್ನು ಬುಟ್ಟಿಯಲ್ಲಿಟ್ಟು ಮೇಲೆ ತಂದರು. ವೆಂಕಟರಾಮು ಒಳಗೆ ಕಾಲಿಟ್ಟವರೇ ಅಂಗಿಯ ಕಾಲರ್ ಸಡಿಲಿಸಿಕೊಂಡರು.

"ಏನ್ರೀ ಇದು, ಒಲೆ ಇದ್ದ ಹಾಗಿದೆ ಮನೆ. ಎಸಿ ಹಾಕಿಲ್ವಾ?"

ರಘೋತ್ತಮ ಹೆಂಡತಿಯ ಕಡೆ ನೋಡಿದ. ಮಿಕ್ಕಿದ ಮೂರು ಸ್ಕ್ರೂ ಅವನ ಜೇಬಿನಲ್ಲಿ ತೊಡೆಗೆ ಒತ್ತುತ್ತಿದ್ದವು. ಎಸಿ ಕೆಟ್ಟಿದೆ, ನನಗೆ ರಿಪೇರಿ ಮಾಡಲು ಬರಲಿಲ್ಲ ಎಂದು ಈ ಮನುಷ್ಯನಿಗೆ ಹೇಳುವುದೂ ಒಂದೇ, ರಾಜೀನಾಮೆ ಬರೆದುಕೊಡುವುದೂ ಒಂದೇ.

"ನಾವು ಎಸಿ ಹಾಕೋದೇ ಇಲ್ಲ ಸಾರ್," ಎಂದ. "ಎಷ್ಟೇ ಬಿಸಿಲಿರಲಿ, ನಮಗೆ ಸೆಕೆ ಅನ್ಸೋದೇ ಇಲ್ಲ. ಅಮ್ಮಣ್ಣಿನೂ ಒಂದೇ ದಿನದಲ್ಲಿ ಹೊಂದ್ಕೊಂಡ್ಬಿಟ್ಲು."

ಪ್ರಭಾಳ ಮೂಗಿನ ತುದಿಯಿಂದ ಒಂದು ಹನಿ ಬೆವರು ಜಾರಿ ಬಿತ್ತು. "ಹೌದು, ನಮಗೆ ಅಭ್ಯಾಸ," ಎಂದಳು.

ವೆಂಕಟರಾಮು ಬುಟ್ಟಿಯಿಂದ ಬೆಕ್ಕನ್ನೆತ್ತಿ ದೀಪದ ಕೆಳಗೆ ಹಿಡಿದರು. ಅಮ್ಮಣ್ಣಿ ಶಾಂತವಾಗಿತ್ತು. ಕೂದಲು ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಅವರು ಬೆರಗಾಗಿ ಅದರ ಬೆನ್ನು ಸವರಿ, ಸಾವಿರಾರು ಡಾಲರಿನ ಶಾಂಪೂಗಳಿಂದಲೂ ಇಂಥ ಹೊಳಪು ಬಂದಿರಲಿಲ್ಲ ಎಂದು ಮೆಚ್ಚಿಕೊಂಡರು. ರಘೋತ್ತಮನ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ವೆಂಕಟರಾಮು ಸೋಫಾದಲ್ಲಿ ಕೂತರು, ಎಣ್ಣೆಯ ಗುರುತಿನ ಮೇಲೆಯೇ.

"ನಾಳೆ ಹೇಳಬೇಕಾದ್ದು ಇವತ್ತೇ ಹೇಳ್ಬಿಡ್ತೀನಿ ರಘೋತ್ತಮ. ನಿಮ್ಮದು, ಸುರೇಶಂದು, ಇಬ್ಬರ ಕೆಲಸಾನೂ ಉಳಿಸಿದೀನಿ. ಕಷ್ಟಪಟ್ಟು ಉಳಿಸಿದೀನಿ."

ರಘೋತ್ತಮ ಅವರ ಕಾಲಿಗೆ ಬೀಳುವುದೊಂದು ಬಾಕಿ. ವೆಂಕಟರಾಮು ಮುಂದುವರಿಸಿದರು. ಆಬರ್ನ್ ಹಿಲ್ಸ್ ಆಫೀಸಿನಲ್ಲಿ ಉಳಿಯುವುದು ಒಂದೇ ಜಾಗ. ಇನ್ನೊಂದು ಅರಿಜೋನಾದ ಮರುಭೂಮಿಯಲ್ಲಿ, ಕಾರುಗಳನ್ನು ಪರೀಕ್ಷೆ ಮಾಡುವ ಬಯಲಿನಲ್ಲಿ. ಎಸಿ ಆರಿಸಿದ ಕಾರನ್ನು ಬಿಸಿಲಿನಲ್ಲಿ ಬೇಯಿಸಿ, ಆಮೇಲೆ ಒಳಗೆ ಕೂತು ಎಸಿ ಹಾಕಿ ಎಷ್ಟು ಹೊತ್ತಿಗೆ ತಣ್ಣಗಾಗುತ್ತದೆ ಎಂದು ಅಳೆಯುವ ಕೆಲಸ. ಬೇಸಿಗೆ ಪೂರ್ತಿ, ಬಹುಶಃ ಮುಂದಿನ ಬೇಸಿಗೆಯೂ. ಅಲ್ಲಿ ನೂರಹದಿನೈದು ಡಿಗ್ರಿ ಎಂದರೆ ತಂಪಾದ ದಿನ.

"ಇಲ್ಲಿಗೆ ನೀವು, ಅಲ್ಲಿಗೆ ಸುರೇಶ ಅಂತ ತೀರ್ಮಾನ ಮಾಡಿದ್ದೆ. ಸುರೇಶ ಪಾಪ ನಿನ್ನೆ ಫೋನ್ ಮಾಡಿದ್ದ. ಮನೆ ಎಸಿ ಕೆಟ್ಟಿದೆಯಂತೆ, ರಿಪೇರಿ ಮಾಡೋಕೆ ಬರಲಿಲ್ಲವಂತೆ, ಸೆಕೆಗೆ ಜೀವ ಹೋಗ್ತಿದೆ ಸಾರ್ ಅಂತ ಅತ್ಕೊಂಡ. ಅಂಥವನನ್ನ ಮರುಭೂಮಿಗೆ ಹೇಗೆ ಕಳಿಸೋದು ಅಂತ ದಾರಿಯುದ್ದಕ್ಕೂ ಸಂಕಟ ಪಡ್ತಾ ಬಂದೆ. ನಿಮಗೆ ಸೆಕೆನೇ ಆಗಲ್ಲ ಅಂತ ಈಗ ಗೊತ್ತಾಯ್ತು ನೋಡಿ. ದೇವರು ಕೈಬಿಡಲ್ಲ. ಗುರುವಾರ ಹೊರಡಿ."

ರಘೋತ್ತಮ ಬಾಯಿ ತೆರೆದ. ಈಗ ನಿಜ ಹೇಳಿದರೆ ಸುಳ್ಳುಗಾರನೂ ಆಗುತ್ತಾನೆ, ಎಸಿ ರಿಪೇರಿ ಬಾರದವನೂ ಆಗುತ್ತಾನೆ. ಬಾಯಿ ತೆರೆದದ್ದಕ್ಕೆ ಏನಾದರೂ ಆಡಬೇಕಲ್ಲ. "ಥ್ಯಾಂಕ್ಯೂ ಸಾರ್," ಎಂದ.

ವೆಂಕಟರಾಮು ಬುಟ್ಟಿ ಹಿಡಿದು ಹೊರಟರು. ಕಾರು ತಿರುವು ದಾಟುವವರೆಗೂ ನಗುಮುಖದಿಂದ ಕೈ ಬೀಸಿದ ಪ್ರಭಾ ಬಾಗಿಲು ಹಾಕಿದಳು. ಅವಳ ಮುಖ ನೋಡಿ ರಘೋತ್ತಮ ಎರಡು ಹೆಜ್ಜೆ ಹಿಂದೆ ಸರಿದ.

"ಸುಟ್ಟುಹೋಗೋದಾದ್ರೆ ಹೋಗಲಿ ಈ ಮನೆ," ಎಂದು ಅವಳು ನೇರ ಹೋಗಿ ಎಸಿಯ ಸ್ವಿಚ್ಚು ಒತ್ತಿದಳು.

ಕೆಳಗೆ ಯಂತ್ರ ಒಮ್ಮೆ ಗುಡುಗಿತು. ಕಿಂಡಿಯಿಂದ ಹಿಮದಂಥ ತಣ್ಣನೆಯ ಗಾಳಿ ಸುಯ್ಯೆಂದು ಬಂತು.

ರಘೋತ್ತಮ ಆ ಗಾಳಿಯ ಎದುರು ಕಂಬದಂತೆ ನಿಂತ. ಈಗ ಎಲ್ಲವೂ ಹೊಳೆಯಿತು. ಕೊಳೆ ಕಟ್ಟಿದ ಫಿಲ್ಟರಿನಿಂದಾಗಿ ಒಳಗಿನ ಕೊಳವೆಗಳ ಮೇಲೆ ಐಸ್ ಕಟ್ಟಿ ಗಾಳಿಯ ದಾರಿ ಮುಚ್ಚಿತ್ತು. ಆರಿಸಿಟ್ಟ ಮೇಲೆ ದಿನವಿಡೀ ಅದು ತಾನಾಗಿ ಕರಗಿಹೋಗಿತ್ತು. ಅಮ್ಮಣ್ಣಿ ಮಲಗಿದ್ದು ಆ ನೀರಿನ ಪಕ್ಕದಲ್ಲೇ. ಕಾರುಗಳಲ್ಲಿ ಹೀಗಾದರೆ ಏನು ಮಾಡಬೇಕೆಂದು ಅವನೇ ಹೊಸ ಹುಡುಗರಿಗೆ ಪಾಠ ಮಾಡಿದ್ದ: ಆರಿಸಿ, ಸುಮ್ಮನೆ ಬಿಡಿ, ಕೈ ಹಾಕಬೇಡಿ. ಅವನಿಗೆ ಬಂದ ಸಿಟ್ಟಿಗೆ ಬೈಯಲು ಮನೆಯಲ್ಲಿ ತನ್ನನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

ಆಗ ಬಾಗಿಲು ತಳ್ಳಿಕೊಂಡು ನಿರುಪಮಾ ಆಂಟಿ ಬಂದರು. ಕೈಯಲ್ಲಿ ಅದೇ ಸೀಸೆ.

"ಅರಿಜೋನಾಗೆ ಹೊರಟಿದೀಯಂತೆ? ನಿಮ್ಮ ಬಾಸ್ ಹೊರಗೆ ದಸ್ತಗೀರನ ಹತ್ರ ಹೇಳ್ತಿದ್ರು. ಅಲ್ಲಿ ಭಾರಿ ಉಷ್ಣ ಕಣೋ. ಇವತ್ತಿಂದಲೇ ಶುರು ಮಾಡೋಣ, ಬಾ, ಕೂತ್ಕೋ."

ಬೇಡವೆನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ನೆಲದ ಮೇಲೆ ಕೂತ. ಆಂಟಿ ಅಂಗೈ ತುಂಬ ಹರಳೆಣ್ಣೆ ಸುರಿದುಕೊಂಡು ಅವನ ನೆತ್ತಿಗೆ ತಟತಟ ತಟ್ಟತೊಡಗಿದರು. ಎಣ್ಣೆ ಹಣೆಯಿಂದ ಇಳಿದು ಕಣ್ಣಿಗೆ ಬಂತು. ಬೆಕ್ಕಿಗಾದರೆ ಪರಚುವುದಕ್ಕೆ ಉಗುರಿತ್ತು.